ಆರು ಇಂಚಿನ ಗಾಜು

ಆರು ಇಂಚು.

ಟೇಪಕ್ಕ ಮೂರನೇ ಸಲ ಅಳೆದಳು. ಟೇಪಿನ ತಗಡಿನ ತುದಿಯನ್ನು ಎಡಗಡೆ ಉಳಿದಿದ್ದ ಗಾಜಿನ ಚೂರಿಗೆ ತಾಗಿಸಿ, ಬಲಗಡೆಯ ಚೂರಿನವರೆಗೆ ಎಳೆದು, ಉಸಿರು ಬಿಗಿಹಿಡಿದು ನೋಡಿದಳು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಮುಂದಿನ ಬಿರುಕಿಗೆ ಹೋದಳು. ಅಲ್ಲೂ ಆರು. ಅದರಾಚೆಯದೂ ಆರು. ವರಾಂಡದ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕದ್ದೂ ಆರು.

"ಏನಮ್ಮಾ, ಗೋಡೆಗೆ ಜ್ವರ ನೋಡ್ತಿದ್ದೀಯಾ?"

ಮುಖ್ಯೋಪಾಧ್ಯಾಯಿನಿ ಬೆನ್ನ ಹಿಂದೆ ಬಂದು ನಿಂತಿದ್ದರು. ತಮಾಷೆಯ ಮಾತಾದರೂ ದನಿಯಲ್ಲಿ ತಮಾಷೆ ಇರಲಿಲ್ಲ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ನಾಲ್ಕಕ್ಕೆ ಸಮಿತಿಯ ಸಭೆ. ಎಪ್ಪತ್ತು ವರ್ಷದ ಈ ಹೈಸ್ಕೂಲನ್ನು ಹೊಸದು ಮಾಡಲು ಎರಡು ನಕ್ಷೆಗಳಿದ್ದವು. ಹಸಿರು ನಕ್ಷೆಯ ಪ್ರಕಾರ ಹಳೇ ಕಟ್ಟಡವನ್ನು ಎರಡು ಭಾಗ ಮಾಡಿ ರಿಪೇರಿ ಮಾಡುವುದು. ಒಂದು ಭಾಗದಲ್ಲಿ ಕೆಲಸ ನಡೆದರೆ ಇನ್ನೊಂದರಲ್ಲಿ ಪಾಠ. ಕೆಂಪು ನಕ್ಷೆಯ ಪ್ರಕಾರ ಎಲ್ಲವನ್ನೂ ಉರುಳಿಸಿ, ಎರಡು ವರ್ಷ ಶಾಲೆಗೆ ಬೀಗ ಹಾಕಿ, ಮಕ್ಕಳನ್ನು ದೂರದ ಮೂರು ಶಾಲೆಗಳಿಗೆ ಹಂಚುವುದು. ಹಸಿರು ಎಂದೇ ನಿಶ್ಚಯವಾಗಿತ್ತು, ಎಂಜಿನಿಯರರ ವರದಿ ಬರುವವರೆಗೆ.

ಹೋದ ಸೋಮವಾರ ಆ ವರದಿಯ ಲಕೋಟೆಯನ್ನು, ತಾನು ಅಳತೆಯ ಕೆಲಸ ಮಾಡುವ ಆರ್ಕಿಟೆಕ್ಟ್ ಆಫೀಸಿನಿಂದ ತಂದುಕೊಟ್ಟವಳು ಟೇಪಕ್ಕನೇ. ಒಳಗಿದ್ದದ್ದು ಮೂರೇ ಸಾಲು. ಏಳು ಗಾಜಿನ ಪಟ್ಟಿಗಳಲ್ಲಿ ಐದು ಒಡೆದಿವೆ. ಗೋಡೆ ಚಲಿಸುತ್ತಿದೆ. ಕಟ್ಟಡ ಉರುಳಿಸುವುದೇ ಕ್ಷೇಮ.

ಆ ಪಟ್ಟಿಗಳನ್ನು ಆರು ವಾರದ ಹಿಂದೆ ತನ್ನ ಕೈಯಾರೆ ಅಂಟಿಸಿದವಳೂ ಅವಳೇ. ಎಂಟು ಇಂಚು ಉದ್ದದ, ಬೆರಳಗಲದ ಗಾಜು. ಎರಡು ತುದಿಗೂ ಬಿಳಿ ಪ್ಲಾಸ್ಟರಿನ ಮುದ್ದೆ, ನಡುವೆ ಬಿರುಕು. ಗೋಡೆ ಒಂದು ನೂಲು ಅಲ್ಲಾಡಿದರೂ ಗಾಜು ಪಟ್ ಅಂತ ಒಡೆಯುತ್ತದೆ. ಒಡೆಯಲಿಲ್ಲವೋ, ಬಿರುಕು ಹಳೆಯದು, ಗೋಡೆ ಗಟ್ಟಿ.

"ಟೀಚರ್," ಎಂದಳು ಟೇಪಕ್ಕ, ನೆಲ ನೋಡುತ್ತಾ. ಯಾರ ಹತ್ತಿರ ಮಾತಾಡುವಾಗಲೂ ಅವಳು ಮೊದಲ ವಾಕ್ಯವನ್ನು ನೆಲಕ್ಕೇ ಹೇಳುವುದು. "ಗೋಡೆ ಅಲ್ಲಾಡಿದ್ದರೆ ಗಾಜು ಬಿರುಕಿನ ಮೇಲೆ ಒಡೀಬೇಕು. ನಟ್ಟನಡುವೆ. ಇದು ಎರಡು ತುದಿಗೆ ಒಡೆದಿದೆ. ನಡುವಿನ ತುಂಡೇ ಇಲ್ಲ."

"ಬಿದ್ದು ಹೋಗಿರಬೇಕು."

"ನಾಲ್ಕು ಕಡೆನೂ ಆರೇ ಇಂಚು ಬಿದ್ದು ಹೋಗಿದೆ. ಗೋಡೆ ಏನು ಸ್ಕೇಲ್ ಇಟ್ಕೊಂಡು ಬಿರಿಯುತ್ತಾ ಟೀಚರ್?"

ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಟೇಪಕ್ಕ ಬೆರಳು ಇಟ್ಟು ತೋರಿಸಿದಳು. ಒಡೆದ ಪಟ್ಟಿಯ ಸುತ್ತ ನಾಲ್ಕು ಮೂಲೆಯಲ್ಲಿ ನಾಲ್ಕು ಬಿಳಿ ಚುಕ್ಕೆ. ಮೊಳೆಯ ತೂತು. ಯಾರೋ ಮುಚ್ಚಿ, ಬೆರಳಿನಿಂದ ಸವರಿ ನುಣ್ಣಗೆ ಮಾಡಿದ್ದರು. ಅವಳು ಒಂದನ್ನು ಉಗುರಿನಿಂದ ಕೆರೆದು ಮೂಗಿನ ಹತ್ತಿರ ಹಿಡಿದಳು.

"ಗೋಂದು. ಸೀಮೆಸುಣ್ಣದ ಪುಡಿಗೆ ಗೋಂದು ಕಲಸಿದ್ದಾರೆ."

ಕಟ್ಟಡದ ಮೇಸ್ತ್ರಿಯ ಮೇಲಿದ್ದ ಅನುಮಾನ ಅಲ್ಲಿಗೇ ಬಿದ್ದುಹೋಯಿತು. ಮೇಸ್ತ್ರಿಯಾದವನು ತೂತು ಮುಚ್ಚಲು ಸೀಮೆಸುಣ್ಣ ಹುಡುಕಿಕೊಂಡು ಹೋಗುವುದಿಲ್ಲ.

"ಸೀಮೆಸುಣ್ಣ ಅಂದ್ರೆ ನಾವು ಇಪ್ಪತ್ತೆರಡು ಜನ ಟೀಚರುಗಳೂ ಕಳ್ಳರೇ," ಎಂದರು ಮುಖ್ಯೋಪಾಧ್ಯಾಯಿನಿ.

"ಸೀಮೆಸುಣ್ಣ ಯಾವ ಡಬ್ಬದಲ್ಲಿ ಬರುತ್ತೆ ಟೀಚರ್?"

"ಈಗ ರಟ್ಟಿನದು. ಮೊದಲು ಮರದ ಪೆಟ್ಟಿಗೆ ಬರ್ತಿತ್ತು. ಇಷ್ಟುದ್ದ." ಅವರು ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದರು. ಹಾಗೆ ಹಿಡಿದ ಕೈ ಹಾಗೇ ನಿಂತಿತು. ಟೇಪಕ್ಕ ಮೆಲ್ಲಗೆ ಟೇಪು ಎಳೆದು ಆ ಎರಡು ಅಂಗೈಗಳ ನಡುವೆ ಹಿಡಿದಳು.

ಆರಕ್ಕೆ ಒಂದು ಗೆರೆ ಕಮ್ಮಿ.

"ಆ ಹಳೇ ಪೆಟ್ಟಿಗೆಗಳು ಈಗ ಎಲ್ಲಿವೆ?"

"ಎಲ್ಲಾ ಆಟದ ಸಾಮಾನಿನ ಕೋಣೆಗೆ ಹೋದ್ವು. ಡ್ರಿಲ್ ಮೇಷ್ಟ್ರು ಅದು ಇದು ಹಾಕಿಡ್ತಾರೆ." ಅವರು ಮೈದಾನದ ಕಡೆ ತಿರುಗಿದರು. ಎಂಟನೇ ತರಗತಿಯ ಆಟದ ಪಿರಿಯಡ್. ಮಕ್ಕಳ ಗಲಾಟೆ ಕಿವಿಗೆ ಬೀಳುತ್ತಿತ್ತು. ಆದರೆ ಆ ಗಲಾಟೆಯಲ್ಲಿ ಏನೋ ಒಂದು ಕಮ್ಮಿ.

"ಪೀಪಿ," ಎಂದಳು ಟೇಪಕ್ಕ. "ಮೂರು ವಾರದಿಂದ ಅವರ ಪೀಪಿ ನನಗೆ ಕೇಳಿಸಿಲ್ಲ."

ಡ್ರಿಲ್ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರೇ ಪೀಪಿ ಮೇಷ್ಟ್ರು. ಅವರು ಒಂದು ಸಲ ಊದಿದರೆ ಎದುರು ಬೀದಿಯ ಅಂಗಡಿಯವರೂ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

"ನಡಿ, ನಾನೂ ಬರ್ತೀನಿ."

"ಬೇಡ ಟೀಚರ್. ನೀವು ಬಂದ್ರೆ ಅವರು ನಿಂತ್ಕೊಂಡು ಮಾತಾಡ್ತಾರೆ. ನಾನೊಬ್ಬಳೇ ಹೋದ್ರೆ ಕೂತ್ಕೊಂಡು ಮಾತಾಡ್ತಾರೆ."

* * *

ಮೈದಾನದ ಅಂಚಿನಲ್ಲಿ ಒಂದೇ ಕಿಟಕಿಯ ಕೋಣೆ. ರಬ್ಬರಿನ, ಬೆವರಿನ, ಹಳೇ ಬಲೆಯ ವಾಸನೆ. ಡ್ರಿಲ್ ಮೇಷ್ಟ್ರು ಒಂದು ಮೋಟು ಸ್ಟೂಲಿನ ಮೇಲೆ ಕೂತು ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು. ಬಾಗಿಲು ತುಂಬುವ ಆಳು. ಅವರ ಕೆಳಗೆ ಸ್ಟೂಲು ಆಟಿಕೆಯ ಹಾಗೆ ಕಾಣುತ್ತಿತ್ತು.

"ಬಾರಮ್ಮಾ ಟೇಪಕ್ಕ! ಏನು, ನನ್ನ ಕೋಣೆನೂ ಅಳೀಬೇಕಾ? ಹೊಸ ಪ್ಲಾನಲ್ಲಿ ನನಗೆ ಎರಡು ಕಿಟಕಿ ಇಡ್ಸು ಮತ್ತೆ!"

ದನಿ ಎಂದಿನಷ್ಟೇ ದೊಡ್ಡದು. ಆದರೆ ಕೊರಳಲ್ಲಿ ಪೀಪಿಯ ದಾರ ಇರಲಿಲ್ಲ.

ಟೇಪಕ್ಕನಿಗೆ ಇಂಥ ಪ್ರಶ್ನೆ ಕೇಳಲು ಬಾರದು. ಆದ್ದರಿಂದ ತನಗೆ ಬರುವ ಕೆಲಸವನ್ನೇ ಮಾಡಿದಳು. ಕೋಣೆಯ ಉದ್ದ ಅಳೆದಳು, ಬರೆದುಕೊಂಡಳು. ಅಗಲ ಅಳೆದಳು, ಬರೆದುಕೊಂಡಳು. ಕಿಟಕಿ ಅಳೆದಳು. ಮೇಷ್ಟ್ರು ನೋಡುತ್ತಿದ್ದರು. ಆಮೇಲೆ ಅವಳು ಮೂಲೆಗೆ ಹೋಗಿ, ಮುದುಡಿಬಿದ್ದಿದ್ದ ವಾಲಿಬಾಲ್ ಬಲೆಯನ್ನು ಎತ್ತಿದಳು.

ಕೆಳಗೆ ನಾಲ್ಕು ಮರದ ಪೆಟ್ಟಿಗೆ. ಒಂದೊಂದರ ಮೂಲೆಗೂ ತಗಡಿನ ಪುಟ್ಟ ಕಿವಿ, ಆ ಕಿವಿಗೆ ಮೊಳೆ ಹೋಗುವಷ್ಟು ತೂತು.

ಚೆಂಡಿನ ಪಂಪು ನಿಂತಿತು.

ಅವಳು ಒಂದು ಪೆಟ್ಟಿಗೆಯ ಉದ್ದ ಅಳೆದಳು. ಬರೆದುಕೊಂಡಳು.

"ಅಳಿ, ಅಳಿ," ಎಂದರು ಮೇಷ್ಟ್ರು. "ನನ್ನ ಹೊಟ್ಟೆ ಸುತ್ತಳತೆನೂ ತಗೋ. ನಿನ್ನ ಟೇಪು ಸಾಲೋದಿಲ್ಲ." ನಗಲು ಹೋದರು, ನಗು ಅರ್ಧಕ್ಕೇ ಕೈಕೊಟ್ಟಿತು. "ಎಷ್ಟು ಬಂತು?"

"ಆರು ಇಂಚು, ಮೇಷ್ಟ್ರೇ."

"ಸರಿ ಇದೆ."

"ಗೋಡೆ ಮೇಲೂ ಆರೇ ಇದೆ."

ಆ ದೊಡ್ಡ ಆಳು ಮೆಲ್ಲಗೆ ಚೆಂಡನ್ನು ನೆಲಕ್ಕಿಟ್ಟರು. ಅದು ಉರುಳಿ ಅವಳ ಕಾಲ ಬಳಿ ಬಂದು ನಿಂತಿತು.

"ಕಾಪಾಡೋಣ ಅಂತ ಹೋದೆ ಕಣಮ್ಮಾ," ಎಂದರು. ಅವರ ದನಿ ಇಷ್ಟು ಚಿಕ್ಕದಾಗಬಲ್ಲದು ಎಂದು ಟೇಪಕ್ಕ ಎಣಿಸಿರಲಿಲ್ಲ. "ನೀವು ಗಾಜು ಅಂಟಿಸಿದ ದಿನ ದೊಡ್ಡ ಟೀಚರ್ ಕರೆದು ಹೇಳಿದ್ರು. ಒಂದೇ ಒಂದು ಚೆಂಡು ತಾಗಿ ಗಾಜು ಒಡೀತೋ, ಮೈದಾನಕ್ಕೇ ಬೀಗ ಅಂತ. ಮಕ್ಕಳ ಕಾಲು ನನ್ನ ಮಾತು ಕೇಳುತ್ತಾ? ಅದಕ್ಕೇ ಒಂದು ಭಾನುವಾರ ಬಂದು, ಮೈದಾನದ ಕಡೆಯ ನಾಲ್ಕಕ್ಕೂ ಒಂದೊಂದು ಪೆಟ್ಟಿಗೆ ಕವುಚಿ ಮೊಳೆ ಹೊಡೆದೆ. ಭದ್ರ ಆಗ್ಲಿ ಅಂತ ಚೆನ್ನಾಗೇ ಹೊಡೆದೆ."

ಟೇಪಕ್ಕನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಎಂಟು ಇಂಚಿನ ಗಾಜು, ಆರು ಇಂಚಿನ ಪೆಟ್ಟಿಗೆ. ಪೆಟ್ಟಿಗೆಯ ಎರಡು ಅಂಚೂ ಗಾಜಿನ ಮೇಲೇ ಕೂತಿವೆ. ಮೇಲಿಂದ ಈ ಆಳಿನ ಸುತ್ತಿಗೆ.

"ಮೊದಲನೇದು ಒಡೆದಾಗಲೇ ನಿಲ್ಲಿಸಬಹುದಿತ್ತಲ್ಲ ಮೇಷ್ಟ್ರೇ?"

"ಒಡೆದದ್ದು ಕಾಣಬೇಕಲ್ಲ! ಅದು ಪೆಟ್ಟಿಗೆ ಒಳಗಿದೆ. ನಾಲ್ಕೂ ಮುಗಿಸಿ, ದೂರ ನಿಂತು ನೋಡಿ, ಭೇಷ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಯಾಕೋ ಒಂದನ್ನ ಬಿಚ್ಚಿ ನೋಡಿದೆ..." ಅವರು ಎರಡು ಕೈಯಲ್ಲೂ ಮುಖ ಒರೆಸಿಕೊಂಡರು. "ಎರಡನೇದನ್ನ ಬಿಚ್ಚುವಾಗ ದೇವರಿಗೆ ಹರಕೆ ಹೊತ್ತೆ. ನಾಲ್ಕನೇದಕ್ಕೆ ಬರೋ ಹೊತ್ತಿಗೆ ಹರಕೆ ಹೊರೋದಕ್ಕೂ ಮುಖ ಇರಲಿಲ್ಲ."

"ಹೇಳಿಬಿಡಬಹುದಿತ್ತು."

"ರಿಪೋರ್ಟ್ ಬಂದ ದಿನ ಸ್ಟಾಫ್ ರೂಮಲ್ಲಿ ಕೇಳಿದ್ರು, ಯಾರಾದ್ರೂ ಮುಟ್ಟಿದ್ರಾ ಅಂತ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ 'ಇಲ್ಲ' ಅಂದೋನು ನಾನೇ. ಅಷ್ಟು ಜೋರಾಗಿ ಅಂದ 'ಇಲ್ಲ'ನ ವಾಪಸ್ ನುಂಗೋದು ಹೇಗಮ್ಮಾ?" ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಬೆವರಿಗೆ ನೆನೆದು ಮೆತ್ತಗಾಗಿತ್ತು. "ಇವತ್ತು ನಾಲ್ಕಕ್ಕೆ ಎದ್ದು ನಿಂತು ಹೇಳೋಣ ಅಂತ ಬರ್ಕೊಂಡಿದ್ದೀನಿ. ನಿನ್ನೆನೂ ಇತ್ತು ಜೇಬಲ್ಲಿ. ಮೊನ್ನೆನೂ ಇತ್ತು."

ಟೇಪಕ್ಕನಿಗೆ ಕೋಪ ಬರಬೇಕಿತ್ತು. ಹತ್ತು ದಿನದಿಂದ ಅವಳು ನಿದ್ದೆ ಕಂಡಿರಲಿಲ್ಲ. ಅವಳು ಎಂಟನೇ ತರಗತಿಯಲ್ಲಿದ್ದಾಗ ಅವಳ ಶಾಲೆಯನ್ನೂ ಹೀಗೇ ಮುಚ್ಚಿದ್ದರು, ಒಂದೇ ವರ್ಷ, ತಾತ್ಕಾಲಿಕ, ಎಂದು. ಎರಡು ಬಸ್ಸು ಬದಲಿಸಿ ಹೋಗಬೇಕಾದ ಶಾಲೆಗೆ ಮೂರು ತಿಂಗಳು ಹೋದಳು. ಆಮೇಲೆ ಅಪ್ಪ, "ಈ ವರ್ಷ ಮನೇಲಿರು, ಮುಂದಿನ ವರ್ಷ ನೋಡೋಣ" ಎಂದ. ಆ ಮುಂದಿನ ವರ್ಷ ಬರಲೇ ಇಲ್ಲ. ಈಗ ಅವಳ ತಂಗಿ ಇದೇ ಹಳೇ ಕಟ್ಟಡದ ಮೂರನೇ ಕೋಣೆಯಲ್ಲಿ ಒಂಬತ್ತನೇ ತರಗತಿ. ಮೊನ್ನೆ ಅಪ್ಪ ಅವಳಿಗೂ ಅದೇ ಮಾತು ಹೇಳಲು ಶುರು ಮಾಡಿದ್ದ, "ಮುಚ್ಚೋದಾದ್ರೆ..."

ಆದರೆ ಕೋಪದ ಬದಲು ಅವಳಿಗೆ ನಗು ಬಂತು. ತಡೆಯಲು ಬಾಯಿಗೆ ಸೆರಗು ಹಿಡಿದಳು, ನಗು ಕಣ್ಣಿನಿಂದ ಇಳಿಯಿತು.

"ಅಳ್ತೀಯೋ ನಗ್ತೀಯೋ?" ಮೇಷ್ಟ್ರು ಗಾಬರಿಯಾದರು.

"ಗೋಡೆ ಗಟ್ಟಿ ಇದೆ ಮೇಷ್ಟ್ರೇ," ಎಂದಳು. ಈ ಸಲ ನೆಲಕ್ಕಲ್ಲ, ಅವರ ಮುಖಕ್ಕೇ. "ಗೋಡೆ ಅಲ್ಲಾಡಿಲ್ಲ. ಅಲ್ಲಾಡಿದ್ದು ನಿಮ್ಮ ಸುತ್ತಿಗೆ ಒಂದೇ."

ಪೆಟ್ಟಿಗೆಯೊಂದರ ಒಳಗೆ ಹಳೇ ಪತ್ರಿಕೆಯಲ್ಲಿ ಸುತ್ತಿದ ಗಾಜಿನ ತುಂಡುಗಳಿದ್ದವು. ಮೇಷ್ಟ್ರು ಅವನ್ನು ಎಸೆಯುವ ಧೈರ್ಯವನ್ನೂ ಮಾಡಿರಲಿಲ್ಲ. ಒಂದೊಂದೂ ಆರು ಇಂಚು. ಒಂದೊಂದರ ನಡುವೆ, ಬಿರುಕಿನ ಮೇಲೆ ಮೂರು ವಾರ ಕೂತಿದ್ದ ಜಾಗದಲ್ಲಿ, ಒಂದು ಗೀಟೂ ಇಲ್ಲ. ಸಮಿತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅವಳು ಎಣಿಸಿದಳು. ಮತ್ತೆ ಎಣಿಸಿದಳು.

"ಐದನೇದು ಎಲ್ಲಿ ಮೇಷ್ಟ್ರೇ?"

"ಯಾವ ಐದನೇದು?"

"ಒಡೆದದ್ದು ಐದು. ಹೊರಗಿನ ಉಳಿದೆರಡು ಇಡಿಯಾಗಿವೆ, ಅಂದ್ರೆ ಐದನೇದು ಭೂಪಟದ ಕೋಣೆಯದು."

"ಭೂಪಟದ ಕೋಣೆಗೆ ಚೆಂಡು ಹೇಗೆ ಹೋಗುತ್ತಮ್ಮಾ, ಬೀಗ ಹಾಕಿರುತ್ತಲ್ಲ? ನಾನು ಆ ಕಡೆ ತಲೆನೂ ಹಾಕಿಲ್ಲ." ಅವರು ಬೆರಳು ಎಣಿಸಿ ತೋರಿಸಿದರು. "ನನ್ನ ಪಾಪ ನಾಲ್ಕೇ. ಅದಕ್ಕಿಂತ ಒಂದು ಹೆಚ್ಚು ನನ್ನ ತಲೆಗೆ ಕಟ್ಟಬೇಡ."

* * *

ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ನಿಂತೇ ಕೇಳಿದರು. ಗಾಜಿನ ನಾಲ್ಕು ತುಂಡುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು. ಆಮೇಲೆ ಡ್ರಿಲ್ ಮೇಷ್ಟ್ರನ್ನು ನೋಡಿದರು.

"ನಿಮ್ಮನ್ನ ಏನು ಮಾಡ್ಬೇಕು ಹೇಳಿ."

"ಬೆಂಚಿನ ಮೇಲೆ ನಿಲ್ಲಿಸಿ ಟೀಚರ್."

"ಬೆಂಚು ಮುರಿಯುತ್ತೆ." ಮುಖ್ಯೋಪಾಧ್ಯಾಯಿನಿಯ ತುಟಿ ಅದುರಿತು. ಮರುಕ್ಷಣ ಅವರು ಮೇಜಿಗೆ ಹಣೆ ಹಚ್ಚಿ ನಗುತ್ತಿದ್ದರು. ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋದ ನಗು. "ಹಸಿರು ನಕ್ಷೆ! ಹಸಿರು ನಕ್ಷೆನೇ ಆಗುತ್ತೆ! ಒಂದು ಮಗುನೂ ಆಚೆ ಹೋಗೋದಿಲ್ಲ. ಮೇಷ್ಟ್ರೇ, ಮೊದಲು ಹೋಗಿ ಆ ಪೀಪಿ ಊದಿ. ಅದು ಕೇಳದೆ ನನಗೆ ಯಾವ ಪಿರಿಯಡ್ಡೂ ಮುಗಿದ ಹಾಗೆ ಆಗಿಲ್ಲ."

ಎರಡು ನಿಮಿಷಕ್ಕೆ ಮೈದಾನದಿಂದ ಪೀಪಿ ಕೇಳಿಸಿತು. ಉದ್ದಕ್ಕೆ, ಕಿವಿ ಗುಂಯ್ಗುಡುವಂತೆ. ಮಕ್ಕಳು ಹೋ ಎಂದರು. ಮೂರನೇ ಕೋಣೆಯ ಕಿಟಕಿಯಿಂದ ತಂಗಿ ಇಣುಕಿದ್ದು ಟೇಪಕ್ಕನಿಗೆ ಕಂಡಿತು. ಅಕ್ಕ ಕೈ ಬೀಸಿದಳು. ತಂಗಿಗೆ ಆಶ್ಚರ್ಯ, ಅಕ್ಕ ಶಾಲೆಯಲ್ಲಿ ಯಾರೆದುರೂ ಹಾಗೆ ಕೈ ಬೀಸಿದವಳೇ ಅಲ್ಲ.

ಪ್ಲಾನ್ ಮೇಡಮ್ಮಿಗೆ ಈಗಲೇ ಹೇಳಬೇಕು ಅನ್ನಿಸಿತು. ಶಾಲೆಯ ಎರಡೂ ನಕ್ಷೆ ಬರೆದ ಆರ್ಕಿಟೆಕ್ಟ್ ಅವರು. ಟೇಪು ಹಿಡಿಯುವುದರಿಂದ ಹಿಡಿದು ನಕ್ಷೆ ಓದುವವರೆಗೆ ಟೇಪಕ್ಕನಿಗೆ ಎಲ್ಲ ಕಲಿಸಿದವರು. ಸಮಿತಿ ಹಸಿರನ್ನು ಆರಿಸಿದ ದಿನ ಅವರು ಕೆಂಪು ನಕ್ಷೆಯನ್ನು ಎಷ್ಟು ನಿಧಾನವಾಗಿ, ಎಷ್ಟು ಜೋಪಾನವಾಗಿ ಸುತ್ತಿಟ್ಟಿದ್ದರು! ಅದರಲ್ಲಿದ್ದ ಗಾಜಿನ ಮುಖದ ದೊಡ್ಡ ಸಭಾಂಗಣ ಅವರ ಹತ್ತು ವರ್ಷದ ಕನಸು. ಪಾಪ, ಅವರಿಗೆ ಸ್ವಲ್ಪ ಬೇಜಾರಾಗಬಹುದು. ಆದರೆ ಮಕ್ಕಳ ವಿಷಯ ಕೇಳಿದರೆ ಖುಷಿಯೂ ಆದೀತು.

ಅದಕ್ಕೂ ಮೊದಲು ಐದನೆಯ ಗಾಜು.

"ಟೀಚರ್, ಭೂಪಟದ ಕೋಣೆ ಕೀ ಕೊಡಿ."

"ಆ ಕೋಣೆ ಬಹಳ ಅಪಾಯ, ಯಾರೂ ಕಾಲಿಡಬಾರದು ಅಂತ ವರದಿ ಜೊತೆ ಬಂದ ಚೀಟಿಯಲ್ಲಿತ್ತಲ್ಲಮ್ಮಾ. ಎಂಜಿನಿಯರ್ ನೋಡಿಕೊಂಡು ಹೋದ ಮೇಲೆ ಬೀಗ ತೆಗೆದೇ ಇಲ್ಲ."

"ಗೋಡೆ ಗಟ್ಟಿ ಇದೆ ಅಂತ ಈಗ ಗೊತ್ತಲ್ಲ."

ಬೀಗ ಕಿರುಗುಟ್ಟಿ ತೆರೆಯಿತು. ಸುತ್ತಿಟ್ಟ ಭೂಪಟಗಳು, ಕಾಲು ಮುರಿದ ಗೋಳ, ದೂಳು. ಟೇಪಕ್ಕ ಕಿಟಕಿ ತೆರೆದು ಎದುರಿನ ಗೋಡೆಗೆ ಹೋದಳು.

ಗಾಜು ಇತ್ತು. ಪೂರ್ತಿ ಎಂಟು ಇಂಚು. ಪ್ಲಾಸ್ಟರಿನ ಮೇಲೆ ಅವಳೇ ಪೆನ್ಸಿಲಿನಲ್ಲಿ ಬರೆದ ತಾರೀಕು. ಒಂದು ಗೀಟೂ ಇಲ್ಲ.

"ಇದು ಒಡೆದೇ ಇಲ್ಲ!" ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮತ್ತೆ ಐದು ಅಂತ ಯಾಕೆ ಬರೆದ್ರು?"

ಟೇಪಕ್ಕ ಗೋಡೆಗೆ ಇನ್ನೂ ಹತ್ತಿರ ಬಾಗಿದಳು. ಅವಳ ಕಣ್ಣು ಒಂದು ಗೇಣು ಕೆಳಗೆ ನೆಟ್ಟಿತ್ತು. ಅಲ್ಲಿ ಅಂಗೈಯಗಲ ಸುಣ್ಣ ಕೆರೆದು ತೆಗೆದಿದ್ದರು. ಕೆರೆದ ಜಾಗದಲ್ಲಿ, ಅದೇ ಬಿರುಕಿನ ಮೇಲೆ, ಇನ್ನೊಂದು ಗಾಜು. ಹಳೆಯದು, ಮಂಜಾದದ್ದು, ಆದರೆ ಇಡಿಯಾದದ್ದು. ಪ್ಲಾಸ್ಟರಿನ ಮೇಲೆ ಕೊರೆದ ತಾರೀಕಿಗೆ ಮೂವತ್ತೊಂದು ವರ್ಷ. ಪಕ್ಕದಲ್ಲೊಂದು ಸಹಿ, ಬಾಲ ಸುತ್ತಿ ಮೇಲೆ ಹೋದದ್ದು.

ಆ ಬಾಲವನ್ನು ಅವಳು ವರದಿಯ ಕೆಳಗೆ ನೋಡಿದ್ದಳು.

"ಎಂಜಿನಿಯರದು," ಎಂದಳು. "ಈ ಗೋಡೆ ಮೂವತ್ತೊಂದು ವರ್ಷದಿಂದ ಅಲ್ಲಾಡಿಲ್ಲ ಅಂತ ಅವರಿಗೆ ಗೊತ್ತಿತ್ತು ಟೀಚರ್. ಗೊತ್ತಿದ್ದೂ..."

"ಗೊತ್ತಿದ್ದಕ್ಕೇ ಓಡಿ ಬಂದೆ."

ಇಬ್ಬರೂ ತಿರುಗಿದರು. ಬಾಗಿಲಲ್ಲಿ ಎಂಜಿನಿಯರ್. ನಾಲ್ಕಕ್ಕೆ ಬರಬೇಕಾದವರು ಮೂರೂವರೆಗೇ ಬಂದಿದ್ದರು. ಮೆಟ್ಟಿಲು ಹತ್ತಿದ ಏದುಸಿರು. ಕೈಯಲ್ಲಿ ಮುದುಡಿದ ಕಾಗದ. ಅವರ ಕಣ್ಣು ಇವರಿಬ್ಬರನ್ನು ದಾಟಿ ನೇರ ಗೋಡೆಗೆ ಹೋಯಿತು. ಎರಡು ಗಾಜನ್ನೂ ನೋಡಿ ಅವರು ಬಾಗಿಲ ಚೌಕಟ್ಟಿಗೆ ಒರಗಿದರು.

"ಸದ್ಯ. ಎರಡೂ ಇದೆ."

"ನೀವು ಒಡೆದಿದೆ ಅಂತ ಬರೆದಿದ್ದೀರಿ ಸಾರ್," ಎಂದರು ಮುಖ್ಯೋಪಾಧ್ಯಾಯಿನಿ, ದನಿ ಬಿಗಿಮಾಡಿ.

"ನಾನಾ? ಸಮಿತಿಯವರು ಬೆಳಿಗ್ಗೆ ಇದರ ಪ್ರತಿ ಕಳಿಸಿದಾಗಲೇ ನಾನು ಮೊದಲನೇ ಸಲ ಇದನ್ನ ನೋಡಿದ್ದು." ಅವರು ಕಾಗದ ಚಾಚಿದರು. "ನಾನು ಬರೆದದ್ದು ಎರಡು ಹಾಳೆ ಮೇಡಂ. ನಾಲ್ಕು ಗಾಜು ಯಾರೋ ಮೇಲೆ ಏನೋ ಇಟ್ಟು ಮೊಳೆ ಹೊಡೆದಾಗ ಒಡೆದಿವೆ, ಗೋಡೆ ಕಲ್ಲಿನ ಹಾಗಿದೆ, ನನ್ನದೇ ಹಳೇ ಗಾಜು ಅದಕ್ಕೆ ಸಾಕ್ಷಿ, ರಿಪೇರಿ ಸಾಕು ಅಂತ. ಸಹಿ ಎರಡನೇ ಹಾಳೆಯ ಕೊನೇಲಿತ್ತು. ಇಲ್ಲಿ ಒಂದೇ ಹಾಳೆ ಇದೆ. ನನ್ನ ಸಹಿಯ ಮೇಲ್ಗಡೆ ಯಾರದೋ ಮೂರು ಸಾಲು ಅಂಟಿಸಿ, ಫೋಟೊಕಾಪಿ ತೆಗೆದಿದ್ದಾರೆ."

ಮುಖ್ಯೋಪಾಧ್ಯಾಯಿನಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖದಲ್ಲೂ ಬೆಳಕಿತ್ತು. "ಹಾಗಾದ್ರೆ ಗೋಡೆ..."

"ಗೋಡೆ ನಮ್ಮೆಲ್ಲರಿಗಿಂತ ಹೆಚ್ಚು ವರ್ಷ ಬಾಳುತ್ತೆ. ನಿಶ್ಚಿಂತೆಯಾಗಿರಿ. ನನ್ನ ಚಿಂತೆ ಬೇರೆ. ನಾನು ಶನಿವಾರ ಲಕೋಟೆಗೆ ಹಾಕಿ, ಗೋಂದು ಒಣಗೋವರೆಗೆ ಕೈಯಲ್ಲೇ ಹಿಡಿದುಕೊಂಡು, ಮುದ್ರೆ ಒತ್ತಿ ಆರ್ಕಿಟೆಕ್ಟ್ ಆಫೀಸಿಗೆ ಕಳಿಸಿದ್ದೆ. ಅದನ್ನ ಇಲ್ಲಿಗೆ ತಂದುಕೊಟ್ಟವರು ಯಾರು?"

ಟೇಪಕ್ಕ ನೆಲ ನೋಡಿದಳು.

ತಂದವಳು ಅವಳೇ. ಸೋಮವಾರ ಬೆಳಿಗ್ಗೆ. ಶನಿವಾರದಿಂದ ಆ ಲಕೋಟೆ ಇದ್ದದ್ದು ಒಂದೇ ಮೇಜಿನ ಮೇಲೆ. ಅಲ್ಲಿಂದ ಎತ್ತಿ ಅವಳ ಕೈಗೆ ಕೊಟ್ಟದ್ದು ಒಂದೇ ಕೈ. ಅದರ ಮೇಲೆ ಮುದ್ರೆ ಇರಲಿಲ್ಲ. ಮತ್ತು ದಾರಿಯುದ್ದಕ್ಕೂ ಅವಳ ಹೆಬ್ಬೆರಳು ಅಂಟಂಟಾಗಿತ್ತು, ಯಾಕೆಂದರೆ ಗೋಂದು ಇನ್ನೂ ಹಸಿಯಾಗಿತ್ತು.

ಕೆಳಗೆ ಅಂಗಳದಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು.

"ಟೇಪಕ್ಕಾ!" ಪ್ಲಾನ್ ಮೇಡಮ್ಮಿನ ದನಿ, ಎಂದಿನಂತೆ ಅಕ್ಕರೆಯದು. "ಎಲ್ಲಿದ್ದೀಯೇ? ಬಾ, ನಕ್ಷೆ ಹಿಡ್ಕೋ."